ಹಾಡಿನ ಜೊತೆ ಹೆಸರೂ ಹೋಗಲಿ

ಸಂಗೀತಾಸಕ್ತ ಬಂಧುಗಳೇ,

ನಮಗೆ ಇಷ್ಟವಾದ ಹಳೆಯ ಹಾಡುಗಳನ್ನೂ ಹಾಡಿದವರನ್ನೂ ಅಂತರಜಾಲದ ಗೆಳೆಯರಿಗೆ ಪರಿಚಯಿಸುವ ಬಗೆ ಹೇಗೆ ಎಂಬುದು ಇಂದು ನನಗೆ ಒಪ್ಪಿಸಿರುವ ವಿಷಯ. ಕಲಬುರಗಿಯಲ್ಲಿ ಬೆಳಿಗ್ಗೆ ಕಳಿಸಿದ ಹಾಡನ್ನು ಮಂಗಳೂರಿನವರು ಚಹಾ ಮುಗಿಯುವುದರೊಳಗೆ ಕೇಳಿ, ಕಡಲಾಚೆಯ ಸ್ನೇಹಿತರಿಗೆ ದಾಟಿಸಿಯೂ ಬಿಡುತ್ತಾರೆ. ಈ ಸೌಕರ್ಯವನ್ನು ಹೊಗಳುವುದಕ್ಕೆ ಉಪನ್ಯಾಸವೇನೂ ಬೇಕಿಲ್ಲ. ಆದರೆ ಹಾಡು ಇಷ್ಟು ಸಲೀಸಾಗಿ ಓಡಾಡುವ ಈ ಕಾಲದಲ್ಲಿಯೇ ಹಾಡಿದವರ ಹೆಸರು, ಬರೆದವರ ಹೆಸರು, ಹಾರ್ಮೋನಿಯಂ ಮತ್ತು ತಬಲಾ ಸಾಥಿ ನೀಡಿದವರ ಹೆಸರು ದಾರಿಯಲ್ಲಿಯೇ ಉದುರಿಹೋಗುತ್ತಿವೆ. ಅವನ್ನು ಉಳಿಸಿ ಕಳಿಸುವ ಹೊಣೆ ಕಳಿಸುವವರದೇ ಹೊರತು ಕೇಳುವವರದಲ್ಲ ಎಂಬುದು ನನ್ನ ನಿಲುವು. ಇಂದಿನ ನನ್ನ ಮಾತೆಲ್ಲ ಈ ಒಂದು ವಿಚಾರದ ಸುತ್ತಲೇ ಇರುತ್ತದೆ.

ನಮ್ಮ ಭಾಗದ ಅನುಭಾವಿಗಳು ಈ ತೊಂದರೆಯನ್ನು ಮೊದಲೇ ಅರಿತವರಂತೆ ನಡೆದುಕೊಂಡಿದ್ದಾರೆ. ಬಸವಕಲ್ಯಾಣದ ಶರಣರು ವಚನದೊಳಗೇ ಅಂಕಿತವನ್ನು, ಅಂದರೆ ಕರ್ತೃವಿನ ಗುರುತಾಗುವ ಹೆಸರನ್ನು, ಇಟ್ಟರು. ಹರಿದಾಸರು ಪದದ ಕೊನೆಯ ನುಡಿಯಲ್ಲಿ ಇಟ್ಟರು. ತತ್ವಪದಕಾರ ಕಡಕೋಳದ ಮಡಿವಾಳಪ್ಪನವರು ತಮ್ಮ ಅಂಕಿತವಾದ ಗುರುಮಹಾಂತನನ್ನು ನೆನೆಯದೆ ಪದವನ್ನು ಮುಗಿಸಲಿಲ್ಲ. ಅವರ ಶಿಷ್ಯಬಳಗದಲ್ಲಿ ಚೆನ್ನೂರ ಜಲಾಲಸಾಹೇಬರಿದ್ದರು, ಖೈನೂರ ಕೃಷ್ಣಪ್ಪನವರಿದ್ದರು, ತೆಲಗಬಾಳ ರೇವಪ್ಪನವರಿದ್ದರು. ಇವರ ತತ್ವಪದಗಳು ಅಚ್ಚಿನ ಮನೆಯನ್ನು ಕಾಣುವುದಕ್ಕೆ ಬಹಳ ಮೊದಲೇ ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಊರೂರು ತಿರುಗಿದವು. ತಿರುಗುವಾಗ ಧಾಟಿ ಬದಲಾಯಿತು, ನುಡಿಗಳು ಹಿಂದುಮುಂದಾದವು, ಒಂದೊಂದು ಊರಿನ ಮಾತಿನ ಬಣ್ಣ ಹತ್ತಿತು. ಆದರೂ ಕೊನೆಯ ನುಡಿಯ ಅಂಕಿತ ಗಟ್ಟಿಯಾಗಿ ನಿಂತಿತು. ಪದ ಹೋದಲ್ಲಿಗೆ ಕರ್ತೃವೂ ಹೋಗುವಂತೆ ಮಾಡಿದ ಏರ್ಪಾಡು ಅದು. ಆದರೆ ಅಂಕಿತ ಉಳಿಸುವುದು ಪದಕಾರನನ್ನು ಮಾತ್ರ. ಏಕತಾರಿ ಹಿಡಿದು ರಾತ್ರಿಯೆಲ್ಲ ಅದನ್ನು ಹಾಡಿದವರು ಯಾರು ಎಂಬುದು ಆ ಊರಿನ ನೆನಪಿನಲ್ಲಿ ಇದ್ದಷ್ಟು ದಿನ ಇದ್ದು, ಆಮೇಲೆ ಇಲ್ಲವಾಯಿತು.

ಹಾಡಿದವರ ಹೆಸರು ಧ್ವನಿಯೊಳಗೇ ಸೇರಿಕೊಂಡದ್ದು ಗ್ರಾಮಫೋನ್ ಬಂದ ಮೇಲೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದಾಗ, ಪ್ಲೇಟುಗಳು ತಯಾರಾಗಬೇಕಾಗಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ಪ್ಲೇಟು ಯಾರದೆಂದು ತಿಳಿಯಲಿ ಎಂದು ಹಾಡಿನ ಕೊನೆಗೆ ಕಲಾವಿದರೇ ತಮ್ಮ ಹೆಸರನ್ನು ಹೇಳುವ ರೂಢಿ ಬಂದಿತು. ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಸಾರುವ ಆ ದನಿ ಇಂದಿಗೂ ಆ ಮುದ್ರಣಗಳಲ್ಲಿ ಕೇಳಿಸುತ್ತದೆ. ಅಂಕಿತದ ಕೆಲಸವನ್ನೇ ಇದೂ ಮಾಡಿತು, ಈ ಸಲ ಗಾಯಕಿಯ ಪರವಾಗಿ. ವಿಷಾದವೆಂದರೆ, ಇಂದು ಹಾಡನ್ನು ಕತ್ತರಿಸಿ ಕಳಿಸುವವರು ಮೊದಲು ಕತ್ತರಿಸುವುದು ಆ ಕೊನೆಯ ಕೆಲವು ಕ್ಷಣಗಳನ್ನೇ. ಹೀಗೆ ಹೆಸರು ಕಳೆದುಕೊಂಡ ಹಾಡು ಬಹುಬೇಗ ಬೇರೆಯವರ ಹೆಸರನ್ನು ಹೊತ್ತುಕೊಳ್ಳುತ್ತದೆ. ಬೀಳಗಿಯಿಂದ ಹೋಗಿ ಮರಾಠಿ ರಂಗನಟ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹೆಸರಾದ ಗೋಹರಬಾಯಿ ಕರ್ನಾಟಕಿ ಬೇರೆ, ಕಲ್ಕತ್ತೆಯ ಗೌಹರ್ ಜಾನ್ ಬೇರೆ. ಗೌಹರ್ ಜಾನ್ ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡವರಾದ್ದರಿಂದ, ಇಬ್ಬರಿಗೂ ಕರ್ನಾಟಕದ ನಂಟಿದೆ. ಹೆಸರಿನ ಹೋಲಿಕೆಗೆ ಇದೂ ಕೂಡಿದರೆ ಒಬ್ಬರ ಹಾಡಿಗೆ ಇನ್ನೊಬ್ಬರ ಭಾವಚಿತ್ರ ಅಂಟಿಕೊಳ್ಳಲು ಎಷ್ಟು ಹೊತ್ತು ಬೇಕು?

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಉದಾಹರಣೆಯಿದೆ, ಅದನ್ನು ತುಸು ವಿವರವಾಗಿಯೇ ಹೇಳುತ್ತೇನೆ. 1930ರ ದಶಕದ ಕೆಲವು ಪ್ಲೇಟುಗಳ ಮೇಲೆ ಗಾಯಕಿಯ ಹೆಸರು ಗಾಂಧಾರಿ ಎಂದಿದೆ. ದನಿ ತೆಳು, ಎತ್ತರ, ಚುರುಕು. ಹಾಡು ಚೆನ್ನಾಗಿದೆ ಎಂದು ಯಾರೋ ಕಳಿಸುತ್ತಾರೆ; ಪಡೆದವರು ಯಾರೋ ಅಜ್ಞಾತ ಗಾಯಕಿಯೆಂದು ಕೇಳಿ ಬಿಡುತ್ತಾರೆ. ಆದರೆ ಈ ಗಾಂಧಾರಿಯೇ ನಮ್ಮ ಗಂಗೂಬಾಯಿ ಹಾನಗಲ್. ಧಾರವಾಡದಲ್ಲಿ 1913ರಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಹಿಂದೂಸ್ತಾನಿ ಗಾಯನದ ಒಂದು ಪರಂಪರೆಯಾದ ಕಿರಾಣಾ ಘರಾಣೆಯ ಗಂಭೀರ ಗಾಯಕಿಯಾಗಿ 2009ರವರೆಗೆ ನಮ್ಮೊಡನಿದ್ದ ಅದೇ ಗಂಗಜ್ಜಿ. ಗಂಟಲಿನ ಗ್ರಂಥಿಗೆ ಚಿಕಿತ್ಸೆಯಾದ ಮೇಲೆ ಅವರ ದನಿ ದಪ್ಪವಾಗಿ, ಕೆಳಸ್ಥಾಯಿಗೆ ಇಳಿಯಿತು. ಆ ಬದಲಾದ ದನಿಯನ್ನೇ ಅವರು ತಮ್ಮ ಬಲವಾಗಿ ಮಾಡಿಕೊಂಡರು, ನಾವು ಬಲ್ಲದ್ದೂ ಆ ದನಿಯನ್ನೇ. ಗುರುತು ಹೇಳದೆ ಕಳಿಸಿದರೆ, ಅವರ ಸಂಗೀತವನ್ನು ಚೆನ್ನಾಗಿ ಬಲ್ಲ ರಸಿಕರೂ ಗಾಂಧಾರಿಯ ಪ್ಲೇಟನ್ನು ಅವರದೆಂದು ನಂಬಲಾರರು. ಗುರುತು ಹೇಳಿ, ಜೊತೆಗೆ ಅವರ ನಡುವಯಸ್ಸಿನ ಒಂದು ಮುದ್ರಣವನ್ನೂ ಇಟ್ಟು ಕಳಿಸಿದರೆ, ಒಬ್ಬ ಗಾಯಕಿಯ ಇಡೀ ಬಾಳು ಎರಡು ಹಾಡುಗಳ ನಡುವೆ ತೆರೆದುಕೊಳ್ಳುತ್ತದೆ. ಹಂಚಿಕೊಳ್ಳುವುದು ಎಂದರೆ ಇದು ಎಂದು ನಾನು ತಿಳಿಯುತ್ತೇನೆ. ಎರಡು ಸಾಲಿನ ಟಿಪ್ಪಣಿ ಇಲ್ಲದೆ ದಿನಕ್ಕೆ ಹತ್ತು ಹಾಡುಗಳನ್ನು ಗುಂಪಿಗೆ ಸುರಿಯುವುದನ್ನು ಆ ಹೆಸರಿನಿಂದ ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಈ ಶಿಸ್ತು ನಮಗೆ ಹೊಸದೇನೂ ಅಲ್ಲ. ನಮ್ಮ ಹಿರಿಯರ ಕಾಲದಲ್ಲಿ ಈ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ರೇಡಿಯೋ ಎಂದರೆ ಸಂಸ್ಥಾನದ ಡೆಕ್ಕನ್ ರೇಡಿಯೋ. ಆಮೇಲೆ ಸಿಲೋನಿನ ನಿಲಯ ಬಂದಿತು, 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಬಂದಿತು, 1966ರಲ್ಲಿ ಕಲಬುರಗಿಗೇ ಆಕಾಶವಾಣಿ ಬಂದಿತು. ಕೋರಿಕೆಯ ಕಾರ್ಯಕ್ರಮಗಳನ್ನು ಕೇಳಿ ಬೆಳೆದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಉದ್ಘೋಷಕರು ಹಾಡಿಗೆ ಮೊದಲು ಚಿತ್ರದ ಹೆಸರು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಜೊತೆಗೆ ಹಾಡನ್ನು ಕೋರಿ ಕಾಗದ ಬರೆದವರ ಹೆಸರುಗಳನ್ನೂ ಊರುಗಳನ್ನೂ ಓದುತ್ತಿದ್ದರು. ವಿಜಯಭಾಸ್ಕರ್, ಜಿ.ಕೆ. ವೆಂಕಟೇಶ್, ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಎಂಬ ಹೆಸರುಗಳು ಯಾವ ಪುಸ್ತಕವನ್ನೂ ಓದದವರ ನಾಲಗೆಯ ಮೇಲೂ ನಿಂತದ್ದು ಹೀಗೆ. ದಿನವೂ ಕಿವಿಗೆ ಬಿದ್ದದ್ದು ನಿಂತಿತು, ಅಷ್ಟೇ. ಉದ್ಘೋಷಕರ ಆ ನಾಲ್ಕು ಮಾಹಿತಿಗಳನ್ನು ಹಾಡಿನ ಕೆಳಗೆ ಬರೆಯುವುದಕ್ಕೆ ಈಗ ನಮಗೆ ಅರ್ಧ ನಿಮಿಷ ಸಾಕು.

ಯಾರಿಗೆ ಯಾವುದನ್ನು ಕಳಿಸಬೇಕು ಎಂಬುದು ಇನ್ನೂ ರುಚಿಯಾದ ಪ್ರಶ್ನೆ. ಅಂತರಜಾಲದ ಗೆಳೆಯರ ಕಿವಿಗಳು ಒಂದೇ ಬಗೆಯಲ್ಲಿ ಪಳಗಿರುವುದಿಲ್ಲ. ನಮ್ಮ ಕಡೆಯ ಕಿವಿ ಹಿಂದೂಸ್ತಾನಿಗೂ ವಚನಗಾಯನಕ್ಕೂ ಹೊಂದಿಕೊಂಡದ್ದು. ಮೈಸೂರಿನ ಗೆಳೆಯರ ಕಿವಿ ಕೃತಿಗಳಿಗೆ ಹೊಂದಿಕೊಂಡದ್ದು. ಅಂಥವರಿಗೆ ಒಂದು ಗಂಟೆಯ ಹಿಂದೂಸ್ತಾನಿ ಖಯಾಲ್ ಗಾಯನವನ್ನು ಮೊದಲ ದಿನವೇ ಕಳಿಸಿದರೆ ಅವರು ಸೌಜನ್ಯಕ್ಕೆ ಕೈಮುಗಿಯುವ ಚಿತ್ರವನ್ನು ಮರಳಿ ಕಳಿಸಿ ಸುಮ್ಮನಾಗುತ್ತಾರೆ. ಅವರಿಗೆ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಮ್ ಖಾನರಿಂದ ಆರಂಭಿಸಬಹುದು. ಖಾನ್ ಸಾಹೇಬರು ಮೈಸೂರಿನ ಆಸ್ಥಾನಕ್ಕೆ ಬಂದುಹೋದವರು, ಕರ್ನಾಟಕ ಸಂಗೀತಕ್ಕೆ ಕಿವಿಗೊಟ್ಟವರು, ತ್ಯಾಗರಾಜರ ಕೃತಿಯನ್ನೇ ಹಾಡಿ ಪ್ಲೇಟಿಗೆ ಕೊಟ್ಟವರು. ಗೊತ್ತಿರುವ ಕೃತಿಯನ್ನು ಗೊತ್ತಿಲ್ಲದ ಶೈಲಿಯಲ್ಲಿ ಕೇಳಿದವರು ಮುಂದಿನದನ್ನು ತಾವಾಗಿಯೇ ಕೇಳಿ ಪಡೆಯುತ್ತಾರೆ. ಹತ್ತಿಂಚಿನ ಪ್ಲೇಟಿನ ಒಂದು ಬದಿಗೆ ಸುಮಾರು ಮೂರೇ ನಿಮಿಷ. ಆ ಮೂರು ನಿಮಿಷವನ್ನು ಹಗುರವಾಗಿ ಕಾಣಬಾರದು. ಗದಗಿನ ಹುಡುಗನೊಬ್ಬ ಇದೇ ಖಾನ್ ಸಾಹೇಬರ ಝಿಂಝೋಟಿ ರಾಗದ ಠುಮ್ರಿಯ ಪ್ಲೇಟನ್ನು ಅಂಗಡಿಯಲ್ಲಿ ಕೇಳಿ, ಹಾಗೆ ಹಾಡುವುದನ್ನು ಕಲಿಯಲೇಬೇಕೆಂದು 1933ರಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೋದ. ಆ ಹುಡುಗ ಭೀಮಸೇನ ಜೋಶಿ. ಉದ್ದನೆಯ ಕಚೇರಿಯನ್ನು ಕಳಿಸಲೇಬೇಕಾದಾಗ, ಇಷ್ಟನೆಯ ನಿಮಿಷದಲ್ಲಿ ದ್ರುತ್, ಅಂದರೆ ವೇಗದ ಭಾಗ, ಆರಂಭವಾಗುತ್ತದೆ, ಅಲ್ಲಿಂದ ಕೇಳಿ ಎಂದು ಬರೆದರೆ ಕೇಳುವವರ ಸಮಯಕ್ಕೆ ಮರ್ಯಾದೆ ಕೊಟ್ಟಂತಾಗುತ್ತದೆ.

ಧ್ವನಿಯ ಗುಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎರಡು ಸಂಗತಿಗಳು ಸಾಕು. ಹಳೆಯ ಪ್ಲೇಟುಗಳೆಲ್ಲವೂ ನಿಮಿಷಕ್ಕೆ ಸರಿಯಾಗಿ 78 ಸುತ್ತಿನಲ್ಲಿ ಮುದ್ರಿತವಾದವಲ್ಲ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಹಾರ್ಮೋನಿಯಂನ ಕರಿ ಒಂದರ ಶ್ರುತಿಯಲ್ಲಿ ಹಾಡಿದ್ದು ಹೆಚ್ಚುಕಡಿಮೆ ಅದರ ಮುಂದಿನ ಮನೆಯಾದ ಬಿಳಿ ಎರಡಕ್ಕೆ ಏರಿಬಿಡುತ್ತದೆ, ಗಾಯಕರ ದನಿ ಇದ್ದುದಕ್ಕಿಂತ ಎಳೆಯದಾಗಿ ಕೇಳುತ್ತದೆ. ಜಾಲದಲ್ಲಿರುವ ಎಷ್ಟೋ ಪ್ರತಿಗಳಲ್ಲಿ ಈ ದೋಷವಿದೆ; ಹಾರ್ಮೋನಿಯಂ ಬಲ್ಲವರು ಅನುಮಾನ ಬಂದಾಗ ಅದನ್ನೂ ಬರೆದು ಕಳಿಸಲಿ. ಇನ್ನೊಂದು, ಒಂದು ಫೋನಿನಲ್ಲಿ ಹಾಡು ಹಚ್ಚಿ ಇನ್ನೊಂದರಲ್ಲಿ ಅದನ್ನು ಮತ್ತೆ ಮುದ್ರಿಸಿ ಕಳಿಸುವ ಪದ್ಧತಿಯನ್ನು ದಯವಿಟ್ಟು ಬಿಡೋಣ. ಅದರಲ್ಲಿ ತಂಬೂರಿಗಿಂತ ಫ್ಯಾನಿನ ಸದ್ದೇ ಜಾಸ್ತಿ.

ಕಳಿಸಿದ ಹಾಡಿಗೆ ಉತ್ತರ ಬರಬೇಕು ಎಂಬುದು ನನ್ನ ಇನ್ನೊಂದು ಆಗ್ರಹ. ನಮ್ಮ ಸೀಮೆಯಲ್ಲಿ ಹರದೇಶಿ–ನಾಗೇಶಿಯ ಮೇಳಗಳು ಎದುರುಬದುರು ನಿಂತು ಹಾಡುವುದನ್ನು ಬಲ್ಲಿರಿ. ಒಂದು ಮೇಳ ಗಂಡು ಹೆಚ್ಚು ಎಂದು ಹಾಡಿದರೆ, ಇನ್ನೊಂದು ಹೆಣ್ಣು ಹೆಚ್ಚು ಎಂದು ಹಾಡಿಯೇ ಉತ್ತರಿಸಬೇಕು. ಎದುರಿನವರ ಹಾಡನ್ನು ಕಿವಿಯಿಟ್ಟು ಕೇಳದವರಿಗೆ ಉತ್ತರ ಹೊಳೆಯುವುದೇ ಇಲ್ಲ. ಗೆಳೆಯರ ಗುಂಪಿನಲ್ಲಿಯೂ ಹೀಗೆ ನಡೆದರೆ ಎಷ್ಟು ಚೆನ್ನ. ಒಬ್ಬರು ಮಲ್ಲಿಕಾರ್ಜುನ ಮನಸೂರರು ಹಾಡಿದ ಅಕ್ಕನ ವಚನವನ್ನು ಇಟ್ಟರೆ, ಇನ್ನೊಬ್ಬರು ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನವನ್ನು ಇಡಲಿ; ಒಬ್ಬರದು ಜೈಪುರ ಘರಾಣೆಯಲ್ಲಿ ಪಳಗಿದ ಗಾಯನ, ಇನ್ನೊಬ್ಬರದು ಮಾತನ್ನು ಹಿಡಿದು ನಿಲ್ಲುವ ಗಾಯನ ಎಂಬ ಚರ್ಚೆ ಅಲ್ಲಿಂದ ಮೇಲೇಳಲಿ. ಹೆಬ್ಬೆರಳಿನ ಚಿತ್ರವನ್ನು ನಾನು ಉತ್ತರವೆಂದು ಎಣಿಸುವುದಿಲ್ಲ.

ಹಕ್ಕಿನ ವಿಚಾರವನ್ನು ಬಿಡುವ ಹಾಗಿಲ್ಲ. ನಮ್ಮ ದೇಶದ ಕೃತಿಸ್ವಾಮ್ಯದ ಕಾಯ್ದೆಯಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಹಾಡಿನ ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕು ರಚಿಸಿದವರು ತೀರಿದ ಮರುವರ್ಷದಿಂದ 60 ವರ್ಷ. ಆದ್ದರಿಂದ 1930ರ ದಶಕದ ಪ್ಲೇಟಿನ ಮಾತು ಒಂದು, 1980ರ ದಶಕದ ಕ್ಯಾಸೆಟ್ಟಿನ ಮಾತು ಇನ್ನೊಂದು. ಎರಡನೆಯದನ್ನು ಹಕ್ಕುದಾರರೇ ಜಾಲದಲ್ಲಿ ಇಟ್ಟಿದ್ದರೆ ಅದರ ಕೊಂಡಿಯನ್ನು ಕಳಿಸುವುದು ಸರಿಯಾದ ದಾರಿ.

ಇಷ್ಟು ಹೊತ್ತು ಪ್ರಸಿದ್ಧರ ಮಾತಾಡಿದೆ. ನಿಜವಾಗಿ ನನಗೆ ಚಿಂತೆಯಿರುವುದು ಪ್ರಸಿದ್ಧರಲ್ಲದವರ ಬಗ್ಗೆ. ಮನಸೂರರ ಹೆಸರು ನಾಳೆ ಒಂದು ಕಡತದಿಂದ ಕಳಚಿದರೂ ಬಲ್ಲವರು ಮತ್ತೆ ಜೋಡಿಸುತ್ತಾರೆ. ಹುಮನಾಬಾದಿನ ಹತ್ತಿರದ ಮಾಣಿಕನಗರದಲ್ಲಿ ದತ್ತ ಜಯಂತಿಯ ಸಂಗೀತ ದರಬಾರಿಗೆ ಬಂದು ಹಾಡಿದ ದೊಡ್ಡವರ ಹೆಸರುಗಳನ್ನು ನೆನಪಿಡುವ ಸಂಸ್ಥಾನವೊಂದು ಅಲ್ಲಿದೆ. ಆದರೆ ಅಮಾವಾಸ್ಯೆಯ ಭಜನೆಯಲ್ಲಿ ತತ್ವಪದ ಹಾಡುವ ಜೇವರ್ಗಿ ಕಡೆಯ ಅಜ್ಜನದು, ಮೊಹರಮ್ಮಿನ ಅಲಾಯಿ ಕುಣಿಯ, ಅಂದರೆ ಬೆಂಕಿಯ ಗುಂಡಿಯ, ಮುಂದೆ ಹಾಡುವ ಸುರಪುರ ಕಡೆಯ ಮೇಳದ್ದು, ಬೀಸುವ ಪದವನ್ನು ಇನ್ನೂ ಮರೆಯದ ಔರಾದಿನ ಅವ್ವನದು ಒಂದೇ ಒಂದು ಮುದ್ರಣವಿರಬಹುದು, ಅದು ನಿಮ್ಮ ಫೋನಿನಲ್ಲಿರುವುದೇ ಆಗಿರಬಹುದು. ಅದನ್ನು ‘ಜನಪದ ಹಾಡು, ಸೂಪರ್’ ಎಂದು ಬರೆದು ಜಾಲಕ್ಕೆ ಬಿಟ್ಟರೆ ಹಾಡಿದವರು ಅಂದಿಗೇ ಕಾಣೆಯಾಗುತ್ತಾರೆ. ಮೊದಲು ಅವರ ಒಪ್ಪಿಗೆ ಕೇಳಬೇಕು. ಹೆಸರು, ಊರು, ತಾಲ್ಲೂಕು, ಮುದ್ರಿಸಿದ ವರ್ಷ, ದಮ್ಮಡಿ ಮತ್ತು ತಾಳ ಹಿಡಿದವರು ಯಾರು, ಪದವನ್ನು ಅವರು ಯಾರಿಂದ ಕಲಿತರು ಎಂಬುದನ್ನು ಬರೆದುಕೊಳ್ಳಬೇಕು. ಸಾಧ್ಯವಾದರೆ ಮುದ್ರಣದ ಕೊನೆಗೆ ಅವರ ಬಾಯಿಂದಲೇ ಅವರ ಹೆಸರನ್ನು ಹೇಳಿಸಬೇಕು, ಏಕೆಂದರೆ ಬರೆದ ಟಿಪ್ಪಣಿ ಕಳಚಿಹೋದರೂ ಅದು ಹಾಡಿನೊಡನೆಯೇ ಪ್ರಯಾಣ ಮಾಡುತ್ತದೆ.

ಸಂಘಟಕರು ಇನ್ನು ಅರ್ಧ ಗಂಟೆಯ ಸಮಯವಿದೆ ಎಂದಿದ್ದಾರೆ. ನಿಮ್ಮ ನಿಮ್ಮ ಫೋನುಗಳಲ್ಲಿ ಯಾರದೆಂದು ತಿಳಿಯದೆ ಉಳಿದಿರುವ ಹಾಡುಗಳಿದ್ದರೆ ಒಬ್ಬೊಬ್ಬರಾಗಿ ಮುಂದೆ ಬಂದು ಹಚ್ಚಿರಿ. ಸಭೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದಾರೆ, ಭಜನೆಯ ಮೇಳದವರಿದ್ದಾರೆ, ಆಕಾಶವಾಣಿಯನ್ನು ತಪ್ಪದೆ ಕೇಳಿದವರಿದ್ದಾರೆ. ಗುರುತು ಸಿಕ್ಕವನ್ನು ಬರೆದುಕೊಳ್ಳಲು ನಾನು ಕಾಗದ ತಂದಿದ್ದೇನೆ.