ಅಣಕ ಸರಿ, ನೀರೆಷ್ಟು?

ಹೋದ ತಿಂಗಳು ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಉಪ್ಪಿಟ್ಟಿನ ರೆಸಿಪಿ ಕಳಿಸಿದ. ವಚನದ ಧಾಟಿಯಲ್ಲಿ. ಸಾಲಿಗೊಂದು 'ಅಯ್ಯಾ', ಕೊನೆಗೊಂದು ಅಂಕಿತ. ಓದಿ ನಕ್ಕೆ. ಮಾಡೇ ನೋಡೋಣ ಅಂತ ಬಾಣಲೆ ಇಟ್ಟೆ. ರವೆ ಹುರಿದಾಯ್ತು, ಸಾಸಿವೆ ಸಿಡೀತು. ನೀರೆಷ್ಟು? ವಚನಕಾರರು ಸುಮ್ಮನಿದ್ದಾರೆ! ನೀರಿಲ್ಲದ ಉಪ್ಪಿಟ್ಟು ಅಂದ್ರೆ ಒಗ್ಗರಣೆ ಹಾಕಿದ ಮರಳು, ಅಷ್ಟೇ.

ಇಂಥ ಅಣಕ ರೆಸಿಪಿಗಳ ಮೇಲೆ ನನ್ನ ತಕರಾರು ಇದೇ. ಕೊನೆಗೆ ಅಂಕಿತ ಅಂಟಿಸಿಬಿಟ್ಟರೆ ಶೈಲಿ ಬಂತು ಅಂದ್ಕೋತಾರೆ. ಅದು ರಬ್ಬರ್ ಸ್ಟಾಂಪು ಕಣ್ರೀ. ಅಡುಗೆ ನಿಜವಾಗಿ ಆಗಬೇಕು, ಆಗ ಮಾತ್ರ ತಮಾಷೆ ನಿಲ್ಲುತ್ತೆ.

ಮಾರ್ಕ್ ಕ್ರಿಕ್ ಅಂತ ಇಂಗ್ಲೆಂಡಿನ ಒಬ್ಬ ಫೋಟೋಗ್ರಾಫರ್ ಇದ್ದಾರೆ. 2005ರಲ್ಲಿ 'ಕಾಫ್ಕಾಸ್ ಸೂಪ್' ಅಂತ ಪುಸ್ತಕ ತಂದರು. 14 ಅಡುಗೆ, 14 ಲೇಖಕರ ಧಾಟಿ. ಪತ್ತೇದಾರಿ ಕಾದಂಬರಿಗಳ ರೇಮಂಡ್ ಚಾಂಡ್ಲರ್ ಧಾಟಿಯಲ್ಲಿ ಕುರಿಮಾಂಸ, ಜೇನ್ ಆಸ್ಟಿನ್ ಧಾಟಿಯಲ್ಲಿ ಮೊಟ್ಟೆ, ಕಾಫ್ಕಾ ಪಾಲಿಗೆ ಜಪಾನಿನ ಮೀಸೋ ಸೂಪು. ನನಗೆ ತುಂಬಾ ಹಿಡಿಸಿದ್ದು ಹೆರಾಲ್ಡ್ ಪಿಂಟರ್ ಹೆಸರಿನದು: ಬ್ರೆಡ್ಡಿನ ಮೇಲೆ ಚೀಸ್ ಹಾಕಿ ಸುಡೋದು. ಎರಡು ನಿಮಿಷದ ಕೆಲಸ, ಅದನ್ನೇ ನಾಟಕ ಮಾಡಿದ್ದಾರೆ. ಪಿಂಟರ್ ನಾಟಕಗಳು ಮಾತಿಗಿಂತ ಮಾತಿನ ನಡುವಿನ ಮೌನಕ್ಕೆ ಹೆಸರಾದವು. ಈ ಪುಸ್ತಕದ ಗುಟ್ಟು ಏನಪ್ಪಾ ಅಂದ್ರೆ, ಶುರುವಿಗೇ ಸಾಮಾನಿನ ಪಟ್ಟಿ ಕೊಡ್ತಾರೆ. ನಗು ಆಮೇಲೆ.

ಹಾಗಂತ ಅಡುಗೆಗೂ ಸಾಹಿತ್ಯಕ್ಕೂ ಅವರೇ ಗಂಟು ಹಾಕಿದ್ದು ಅಂತಲ್ಲ. ನಮ್ಮ ಮೂರನೆಯ ಮಂಗರಸ 16ನೇ ಶತಮಾನದ ಆರಂಭದಲ್ಲೇ 'ಸೂಪಶಾಸ್ತ್ರ' ಬರೆದ. ಪಾಕಶಾಸ್ತ್ರ, ಅದೂ ವಾರ್ಧಕ ಷಟ್ಪದಿಯಲ್ಲಿ! ತಮಾಷೆಗಲ್ಲ, ಗಂಭೀರವಾಗಿ. ಆ ಕಷ್ಟ ಸ್ವಲ್ಪ ಯೋಚಿಸಿ. ಷಟ್ಪದಿಯಲ್ಲಿ ಆರು ಸಾಲಿಗೂ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ನೀವು 'ಉಪ್ಪು' ಅಂತ ಶುರು ಮಾಡಿದಿರೋ, ಮುಗೀತು. ತುಪ್ಪ ತರಬೇಕು, ಸೊಪ್ಪು ತರಬೇಕು, ಸಿಪ್ಪೆ ಸುಲೀಬೇಕು, ಹಪ್ಪಳ ಕರೀಬೇಕು. ಆರನೇ ಸಾಲಿಗೆ ಮನೆಯಲ್ಲಿ ಏನೂ ಉಳಿದಿರಲ್ಲ, 'ಅಪ್ಪಾ' ಅಂತ ಕೂಗಬೇಕಷ್ಟೇ. ಬೆಳ್ಳುಳ್ಳಿಯಿಂದ ಶುರು ಮಾಡಿದರೆ ಮುಳ್ಳುಸೌತೆ, ಎಳ್ಳು, ಕಳ್ಳು. ನೋಡಿ, ಪ್ರಾಸ ಎಲ್ಲಿಗೆ ತಂದು ನಿಲ್ಲಿಸ್ತು! ಮಂಗರಸ ಜೈನ ಬೇರೆ, ಆ ಕಡೆ ತಲೆ ಹಾಕಿರಲಾರ.

ಇಷ್ಟೆಲ್ಲ ಮಾತಾಡಿ ಸುಮ್ಮನಿದ್ದರೆ ನೀವು ಬಿಡ್ತೀರಾ? ನಾನೂ ಒಂದು ಬರೆದೆ. ಯಾವ ಲೇಖಕರ ತಂಟೆಗೂ ಹೋಗಿಲ್ಲ, ನಮ್ಮ ಹಳೇ ನವ್ಯಕತೆಗಳ ಜಾಡಿನಲ್ಲಿ ಚಿತ್ರಾನ್ನ. ಕೇಳಿ.

"ಎಣ್ಣೆ ಕಾಯುತ್ತಿತ್ತು. ಯಾರಿಗಾಗಿ ಎಂದು ಅವನಿಗೆ ಹೊಳೆಯಲಿಲ್ಲ. ಸಾಸಿವೆ ಒಂದು ಚಮಚ ಹಾಕಿದ. ಸಿಡಿಯಿತು, ತಾನು ಎಂದೂ ಹಾಗೆ ಸಿಡಿದಿರಲಿಲ್ಲ ಎನಿಸಿತು. ಹಸಿಮೆಣಸಿನಕಾಯಿ ನಾಲ್ಕು, ಸೀಳಿದ. ಕರಿಬೇವು. ಅರಿಸಿನ ಹಾಕಿದ ಮೇಲೆ ಎಲ್ಲವೂ ಹಳದಿಯಾಯಿತು, ಅವನ ಬೆರಳೂ. ಒಲೆ ಆರಿಸಿದ. ಆಮೇಲೆಯೇ ನಿಂಬೆ ಹಿಂಡಿದ, ಉರಿಯ ಮೇಲೆ ಹಿಂಡಿದರೆ ಕಹಿಯಾಗುತ್ತದೆಂದು ಅಪ್ಪ ಹೇಳಿದ್ದ. ಅಪ್ಪ ಈಗಿರಲಿಲ್ಲ. ಅನ್ನ ಆರಿತ್ತು. ಉಪ್ಪು ಬೆರೆಸಿ ಕಲಸಿದ."

ಅಳತೆ ಇದೆ, ಉಪ್ಪಿದೆ, ಒಲೆ ಆರಿಸಿ ನಿಂಬೆ ಹಿಂಡೋ ಸೂಕ್ಷ್ಮವೂ ಇದೆ. ಹೆಮ್ಮೆಯಿಂದ ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು. ನಗಲಿಲ್ಲ.

"ಪಾಪ, ಆ ಹುಡುಗ ಕಡ್ಲೆಬೇಳೆ ಹಾಕೋದೇ ಮರೆತುಬಿಟ್ಟನಲ್ಲೋ" ಅಂದರು.