ಹಲ್ಲಿ ಸಾಕಾವ್ರು ಮೊದಲ ಮೇ ತಿಂಗಳ ಲೆಕ್ಕಾ ಹಾಕ್ರಿ

ಕೇಳುಗರಿಗೆ ನಮಸ್ಕಾರ್ರಿ. ಇವತ್ತಿನ ವಿಷಯ ಕೇಳಿ ಮನ್ಯಾಗಿನ ಹಿರ್ಯಾರು ರೇಡಿಯೋ ಬಂದ್ ಮಾಡಿದ್ರೂ ಮಾಡಬಹುದು, ಹಲ್ಲಿ ಸಾಕೂ ವಿಷಯ. ಗ್ವಾಡಿ ಮ್ಯಾಲ ಹಲ್ಲಿ ಲೊಚ್ ಅಂದ್ರ ಕೃಷ್ಣ ಕೃಷ್ಣ ಅನ್ನಾವ್ರು ನಾವು, ಮೈಮ್ಯಾಲ ಬಿತ್ತಂದ್ರ ಎಡಭುಜೋ ಬಲಭುಜೋ ಅಂತ ಪಂಚಾಂಗ ತಗದು ಫಲ ನೋಡಾವ್ರು. ಆದ್ರ ಹುಡುಗ್ರು ಮೊಬೈಲ್‌ನ್ಯಾಗ ರೀಲ್ಸ್ ನೋಡಿ ನಂಗೂ ಒಂದು ಬೇಕು ಅಂತ ಹಟಾ ಹಿಡದಾರ, ಹಿಡದ ಮ್ಯಾಲ ಬೈದು ಕುಂದ್ರಿಸೂದಕ್ಕಿಂತ ಯಾವುದು ಆಗ್ತದ ಯಾವುದು ಆಗೂದಿಲ್ಲ ಅಂತ ತಿಳಕೊಳ್ಳೂದು ಛಲೋ.

ಹೊಲದ ಬದುವಿನ್ಯಾಗ ಸಿಗೂ ಉಡ, ಗಿಡದಾಗಿನ ಊಸರವಳ್ಳಿ, ಇವನ್ನ ಮುಟ್ಟಬ್ಯಾಡ್ರಿ. 1972ರ ವನ್ಯಜೀವಿ ಕಾಯ್ದೆ ಐತಲ್ಲ, ಅದರಾಗ ಉಡ ಮೊದಲನೇ ಪಟ್ಟಿಯೊಳಗದ, ಸಿಕ್ಕಿಬಿದ್ರ ಮೂರರಿಂದ ಏಳು ವರ್ಷ ಜೈಲು. ಸಾಕಾಕ ತಂದೀನ್ರಿ, ಹೊಡ್ಯಾಕಲ್ಲ ಅಂದ್ರೂ ಕೇಳೂದಿಲ್ಲ. ಹಂಗ ಇನ್ನೊಂದು ಮಾತು, ಪೂಜಾಕ್ಕ ಅಂತ ಹತ್ತಾ ಜೋಡಿ ಮಾರ್ತಾರಲ್ಲ, ಗಿಡದ ಬೇರು ಅಂತ ಹೇಳಿ, ಅದು ಬೇರಲ್ರಿ, ಗಂಡು ಉಡದ ಜನನಾಂಗ ಒಣಗಿಸಿದ್ದು, ಅದನ್ನ ಇಟ್ಕೊಂಡ್ರೂ ಅದೇ ಕೇಸು.

ಇನ್ನ ವಿದೇಶಿ ಹಲ್ಲಿ. ಅಂಗಡ್ಯಾಗ ಗೇಣುದ್ದ ಹಚ್ಚಹಸರು ಮರಿ ತೋರಸ್ತಾರ, ಇಗ್ವಾನಾ ಅಂತ, ನೋಡಾಕ ಭಾಳ ಚಂದ. ಅದು ಬೆಳದು ಬಾಲ ಹಿಡದು ಐದಾರು ಅಡಿ ಆಗ್ತದ, ಆಮ್ಯಾಲ ಪೆಟಗಿ ಸಾಲೂದಿಲ್ಲ, ಒಂದು ಖೋಲೀನ ಬಿಟ್ಟುಕೊಡಬೇಕು, ಸಿಟ್ಟಿಗೆದ್ರ ಬಾಲದಿಂದ ಹೊಡೀತದ. ಹೊಸಬರಿಗೆ ಅಲ್ಲ ಅದು. ಮತ್ತ ಕ್ರೆಸ್ಟೆಡ್ ಗೆಕ್ಕೊ ಅಂತ ಒಂದು, ನ್ಯೂ ಕ್ಯಾಲೆಡೋನಿಯಾ ದ್ವೀಪದ್ದು, ನಿರ್ನಾಮ ಆಗೇದ ಅಂತ ತಿಳಕೊಂಡಿದ್ರು, 1994ರಾಗ ಮತ್ತ ಸಿಕ್ತು. ಹೊರದೇಶದಾಗ ಹೊಸಬರಿಗೆ ಇದನ್ನ ಹೇಳ್ತಾರ ಖರೆ, ಆದ್ರ 28 ಡಿಗ್ರಿ ದಾಟಿದ್ರ ಅದಕ್ಕ ಸಂಕಟ. ವಿಜಯಪುರದ ಬ್ಯಾಸಗ್ಯಾಗ ಅದನ್ನ ಉಳಸಬೇಕಂದ್ರ ಹಗಲೂ ರಾತ್ರಿ ಎಸಿ ಹಚ್ಚಬೇಕು, ನಮಗ ಇಲ್ಲದ ಎಸಿ ಹಲ್ಲಿಗೆಲ್ಲಿಂದ ತರೂದ್ರಿ?

ಇಂಟರ್ನೆಟ್‌ನ್ಯಾಗ ಬರದಾವ್ರು ಹೆಚ್ಚಾನೆಚ್ಚು ಥಂಡಿ ದೇಶದವ್ರು, ಬೆಚ್ಚಗ ಇಡೂದು ಹೆಂಗ ಅಂತ ಪುಟಗಟ್ಟಲೆ ಬರೀತಾರ, ನಮ್ಮ ತ್ರಾಸು ಉಲ್ಟಾ, ನಮಗ ತಂಪ ಇಡೂದು ಹೆಂಗ ಅನ್ನೂದ ಪ್ರಶ್ನೆ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋದಾಗ ಈ ಪ್ರಾಣಿ ಏನ್ ಮಾಡ್ತದ, ಇಷ್ಟು ಕೇಳಿಕೊಂಡ್ರ ಅರ್ಧಾ ಪಟ್ಟಿ ತಾನಾಗೇ ಹೊಕ್ಕೈತಿ.

ಎಲ್ಲಾರೂ ಮೊದಲ ಹೆಸರು ಹೇಳೂದು ಲೆಪರ್ಡ್ ಗೆಕ್ಕೊ. ಸಣ್ಣದು, ಗ್ವಾಡಿ ಹತ್ತೂದಿಲ್ಲ, ಕಣ್ಣಿಗೆ ರೆಪ್ಪಿ ಅದಾವ, ಬಾಲದಾಗ ಕೊಬ್ಬು ಕೂಡಿಸಿ ಇಟ್ಕೊತದ. ಪ್ರಾಣಿ ಛಲೋ, ಅದಕ್ಕ ಎರಡು ಮಾತಿಲ್ಲ. ಆದ್ರ ಅದು ಬರೇ ಹುಳಾ ತಿಂತದ, ಅದೂ ಜೀವಂತ. ಇನ್ನೊಂದು, ಅದರ ಕಾಡಿನ ಜಾತಿ ಪಾಕಿಸ್ತಾನದಿಂದ ನಮ್ಮ ವಾಯವ್ಯ ಭಾಗದ ತನಕ ಅದ, ಹಂಗಾಗಿ ರೊಕ್ಕಾ ಕೊಡೂಕಿಂತ ಮೊದಲ ಅರಣ್ಯ ಇಲಾಖೆ ಆಫೀಸಿಗೆ ಹೋಗಿ ಕೇಳ್ರಿ, ಬ್ಯಾಡ ಅಂದ್ರ ಬ್ಯಾಡ.

ನನ್ನ ಕೇಳಿದ್ರ ನಮ್ಮ ಭಾಗಕ್ಕ ಬಿಯರ್ಡೆಡ್ ಡ್ರ್ಯಾಗನ್ ಮೇಲು. ಆಸ್ಟ್ರೇಲಿಯಾದ ಒಣಭೂಮಿದು, ಒಂದೂವರಿ ಎರಡು ಅಡಿ ಆಗ್ತದ, ಹಗಲ ಓಡಾಡ್ತದ, ರಾತ್ರಿ ಮಲಗ್ತದ, ಕೈಗೆ ಲಗೂನ ರೂಢಿ ಆಗ್ತದ. ಬಿಸಿಲು ಕಾಸೂ ಜಾಗಾ 40 ಡಿಗ್ರಿ ಬೇಕು, ಇನ್ನೊಂದು ತುದಿ ತಂಪಿರಬೇಕು, ಈ ತಂಪು ಅನ್ನೂದ ಮುಖ್ಯ, ಬ್ಯಾಸಗ್ಯಾಗ ಮಧ್ಯಾಹ್ನ ಬಿಸಿಗೆ ಹಚ್ಚಿದ ಬಲ್ಬ್ ಆರಿಸಿಬಿಡ್ರಿ, ಕೆಳಗ ಶಹಾಬಾದಿ ಕಲ್ಲ ಹಾಸ್ರಿ, ಉಸಕು ಬ್ಯಾಡ, ಮರಿ ನುಂಗಿದ್ರ ಕರಳಾಗ ಕಟ್ಟಿಕೊತದ. ಬಾಯಿ ತಕ್ಕೊಂಡು ಕುಂತ್ರ ಮೈ ಬಿಸಿ ಹೊರಗ ಹಾಕಾಕತ್ತೇದ ಅಂತ ತಿಳೀರಿ. ಪೆಟಗಿ ನಾಕ ಅಡಿ ಉದ್ದ, ಎರಡಡಿ ಅಗಲ ಬೇಕು, ಊರಾಗಿನ ಬಡಿಗ್ಯಾರ ಕಡೆ ಪ್ಲೈವುಡ್‌ದು ಮಾಡಿಸಿದ್ರೂ ನಡೀತದ, ಮುಂದ ಕಾಜು ಹಚ್ಚಿ ಗಾಳಿಗೆ ಜಾಳಗಿ ಬಿಡಬೇಕು.

ಯುವಿಬಿ, ಅಂದ್ರ ಬಿಸಿಲಿನ್ಯಾಗ ಇರೂ ಕಣ್ಣಿಗೆ ಕಾಣದ ಒಂದು ಕಿರಣ, ಅದನ್ನ ಕೊಡೂ ಟ್ಯೂಬ್ ಕಡ್ಡಾಯ, ಅದಿಲ್ಲಂದ್ರ ಮೈಯಾಗ ವಿಟಮಿನ್ ಡಿ ಆಗೂದಿಲ್ಲ, ಕ್ಯಾಲ್ಸಿಯಂ ಹತ್ತೂದಿಲ್ಲ, ಎಲುಬು ಮೆತ್ತಗಾಗಿ ದವಡಿ ಸೊಟ್ಟಾಗ್ತದ. ಕಿಟಕಿ ಕಾಜಿನಿಂದ ಬರೂ ಬಿಸಿಲಿನ್ಯಾಗ ಯುವಿಬಿ ಇರೂದಿಲ್ಲ. ಮುಂಜಾನಿ ಎಳಿ ಬಿಸಿಲಿಗೆ ಜಾಳಗಿ ಪಂಜರದಾಗ ಅರ್ಧಾ ನೆರಳು ಮಾಡಿ ಸ್ವಲ್ಪೊತ್ತು ಇಟ್ರ ಪುಕ್ಕಟ ಸಿಗ್ತದ, ಬೆಕ್ಕು ಕಾಗಿ ಬರ್ತಾವ, ಬಾಜೂಕ ಕುಂದ್ರಬೇಕು. ಕಾಜಿನ ಪೆಟಗೀನ ಮಾತ್ರ ಎಂದೂ ಬಿಸಿಲಿಗೆ ಇಡಬ್ಯಾಡ್ರಿ, ಒಲಿ ಆಗ್ತದ ಅದು. ಬೆಳಗಾವಿಯವ್ರಿಗೆ ಮಳಿಗಾಲದಾಗ ಸೂರ್ಯಾನ ಕಾಣೂದಿಲ್ಲ, ಅವ್ರಿಗೆ ಟ್ಯೂಬೇ ಗತಿ.

ಊಟದ ಮಾತಿಗೆ ಬಂದ್ರ, ಮನಿಯೊಳಗ ತತ್ತೀನೂ ತರದವ್ರು ಭಾಳ ಮಂದಿ ನಾವು, ಅಲ್ಲಿ ಡಬ್ಬಿಗಟ್ಟಲೆ ಹುಳಾ ಅಂದ್ರ ಅವ್ವ ಏನಂತಾಳ? ಮರಿ ಇದ್ದಾಗ ಹುಳಾ ಬೇಕೇ ಬೇಕು, ಅದನ್ನ ಮುಚ್ಚಿಟ್ಟು ತಂದ್ರ ಆಮ್ಯಾಲ ಮನ್ಯಾಗ ಜಗಳ. ಬೆಳದ ಮ್ಯಾಲ ಮುಕ್ಕಾಲು ಪಾಲು ಸೊಪ್ಪು, ನುಗ್ಗಿ ಎಲಿ, ದಾಸವಾಳದ ಹೂವು ಎಲಿ, ಕುಂಬಳಕಾಯಿ. ಪಾಲಕ್ ದಿನಾ ಹಾಕಬ್ಯಾಡ್ರಿ, ಕ್ಯಾಲ್ಸಿಯಂ ಕಟ್ಟಿಹಾಕ್ತದ. ಹುಳಾನ ದ್ರಾಕ್ಷಿ ತ್ವಾಟದಾಗ, ಹತ್ತಿ ಹೊಲದಾಗ ಹಿಡದು ತರಬ್ಯಾಡ್ರಿ, ಔಷಧ ಹೊಡದಿರ್ತಾರ, ಗೋದಿ ತವಡಿನ್ಯಾಗ ಮೀಲ್‌ವರ್ಮ್ ಅನ್ನೂ ಹುಳಾ ಮನ್ಯಾಗ ಬೆಳಸಬಹುದು, ವಾಸನಿ ಇಲ್ಲ.

ಇದು ಹತ್ತು ವರ್ಷದ ಆಜೂಬಾಜೂ ಬದುಕ್ತದ. ಎಂಟನೇತ್ತಾಕ ಹುಡುಗ ತಂದಿದ್ದನ್ನ ಅವ ಧಾರವಾಡಕ್ಕೋ ಪುಣೆಕ್ಕೋ ಓದಾಕ ಹ್ವಾದ ಮ್ಯಾಲ ಯಾರ ನೋಡ್ತೀರಿ, ಈಗ ಮಾತಾಡ್ಕೊಳ್ರಿ. ನಿಮ್ಮೂರಿನ ಪಶುವೈದ್ಯರು ಹಲ್ಲಿ ನೋಡ್ತಾರೋ ಬರೇ ಎಮ್ಮಿ ಆಕಳೋ, ಅದನ್ನೂ ಮೊದಲ ಕೇಳ್ರಿ. ಮುಟ್ಟಿದ ಮ್ಯಾಲ ಸಾಬೂನು ಹಚ್ಚಿ ಕೈ ತೊಳೀಬೇಕು, ಸಾಲ್ಮೊನೆಲ್ಲಾ ಅನ್ನೂ ಹೊಟ್ಟಿ ಕೆಡಸೂ ರೋಗಾಣು ಇರ್ತದ, ಸಣ್ಣ ಕೂಸು ಇರೂ ಮನಿಗೆ ನಾ ಬ್ಯಾಡ ಅಂತೀನಿ.

ತರೂಮುಂದ ಬಿಲ್ಲು ತಗೋರಿ, ಸಾಕಿದ ಮರಿ ಅಂತ ಬರಸ್ರಿ. ಸೈಟಿಸ್ ಅಂದ್ರ ಕಾಡುಪ್ರಾಣಿ ವ್ಯಾಪಾರಕ್ಕ ಕಡಿವಾಣ ಹಾಕೂ ಅಂತರರಾಷ್ಟ್ರೀಯ ಒಪ್ಪಂದ, ಅದರ ಪಟ್ಟಿಯೊಳಗಿನ ಪ್ರಾಣಿ, ಇಗ್ವಾನಾದಂಥಾದ್ದು, ಇದ್ರ 2024ರ ನಿಯಮದಂಗ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನ್ಯಾಗ ನೋಂದಣಿ ಆಗಲೇಬೇಕು. ಮರಿ ಕಣ್ಣು ಚುರುಕಿರಬೇಕು, ನಡಿಯುವಾಗ ಹೊಟ್ಟಿ ನೆಲದಿಂದ ಎದ್ದಿರಬೇಕು, ಕಾಲು ನಡಗಬಾರದು. ನಿಮ್ಮ ಮುಂದ ಒಂದು ಹುಳಾ ಹಾಕಿ ತಿನ್ನಿಸಿ ತೋರ್ಸು ಅನ್ರಿ, ಈಗಷ್ಟ ತಿಂದೇದ್ರೀ ಅಂತ ಅಂದ್ರ, ಆಗ್ಲಿ, ನಾಳಿ ಬರ್ತೀವಿ ಅಂತ ಎದ್ದು ಬರ್ರಿ. ನಮಸ್ಕಾರ.