ನಾಲ್ಕು ಮುಖದ ಬುಗುರಿ

ಕೇಳುಗರಿಗೆ ನಮಸ್ಕಾರ. ಮೊದಲು ಒಂದು ಸದ್ದು ಕೇಳಿಸುತ್ತೇನೆ.

(ಮೇಜಿನ ಮೇಲೆ ಬುಗುರಿ ತಿರುಗಿ ಬೀಳುವ ಸದ್ದು)

ಕೇಳಿಸಿತಾ? ಈಗ ತಿರುಗಿ ಬಿದ್ದದ್ದು ಒಂದು ಬುಗುರಿ. ಆದರೆ ನಮ್ಮ ಬುಗುರಿಯಲ್ಲ. ಇದಕ್ಕೆ ಚಾಟಿಯಿಲ್ಲ, ಮೊಳೆಯಿಲ್ಲ, ಮೈ ದುಂಡಗಿಲ್ಲ. ಪಗಡೆಯ ದಾಳವನ್ನು ಗಿಡ್ಡ ಮಾಡಿ, ಕೆಳಗೆ ಮೊನೆ ಕೆತ್ತಿ, ನೆತ್ತಿಗೊಂದು ಕಡ್ಡಿ ಸಿಕ್ಕಿಸಿದರೆ ಹೇಗಿರುತ್ತದೋ ಹಾಗಿದೆ. ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ ಬಿಟ್ಟರೆ ಆಯಿತು. ಹೆಸರು ಡ್ರೇಡಲ್. ಯುರೋಪಿನ ಯೆಹೂದಿಗಳ ಯಿಡ್ಡಿಶ್ ಭಾಷೆಯಲ್ಲಿ ತಿರುಗುವುದು ಎಂಬ ಪದದಿಂದ ಬಂದದ್ದು. ಹೀಬ್ರೂನಲ್ಲಿ ಸೆವಿವೋನ್ ಅನ್ನುತ್ತಾರೆ. ಅದೂ ತಿರುಗುವುದೇ.

ಇದು ನನ್ನ ಕೈಗೆ ಸಿಕ್ಕಿದ್ದು ನ್ಯೂಜೆರ್ಸಿಯಲ್ಲಿ, ಮಗಳ ಮನೆಯಲ್ಲಿ. ಅದೊಂದು ಡಿಸೆಂಬರ್. ಮೊಮ್ಮಗ ಶಾಲೆಯಿಂದ ಒಂದು ಹಾಲಿನ ಪೊಟ್ಟಣ ತಂದ. ಅಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಕೊಡುವ ರಟ್ಟಿನ ಪುಟ್ಟ ಪೊಟ್ಟಣ. ಅದಕ್ಕೆ ನೀಲಿ ಕಾಗದ ಸುತ್ತಿ, ಪೆನ್ಸಿಲ್ ಚುಚ್ಚಿ, ನಾಲ್ಕು ಕಡೆ ಏನೋ ಬರೆದಿದ್ದ. ತಿರುಗಿಸಿದ. ಅರ್ಧ ಸುತ್ತು ಬಂದು ದೊಪ್ಪನೆ ಬಿತ್ತು. ಮತ್ತೆ ತಿರುಗಿಸಿದ, ಮತ್ತೆ ದೊಪ್ಪ. ಹುಡುಗನ ಮುಖ ನೋಡಬೇಕಿತ್ತು!

ಸರಿ, ನಾನೂ ಪಕ್ಕದಲ್ಲಿ ಕೂತೆ. ಎರಡು ತಪ್ಪು ಕಂಡವು. ಪೆನ್ಸಿಲ್ ನಡುವಿಗೆ ಬಿದ್ದಿರಲಿಲ್ಲ, ಒಂದು ಕಡೆಗೆ ವಾಲಿತ್ತು. ಕೆಳಗೆ ಮೂರು ಬೆರಳುದ್ದ ಚಾಚಿಕೊಂಡಿತ್ತು, ಹಾಗಾಗಿ ಭಾರವೆಲ್ಲ ಮೇಲೆ ಉಳಿದಿತ್ತು. ರಟ್ಟಿನ ತಳದಲ್ಲಿ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು, ಅವು ಕೂಡುವಲ್ಲಿ ಹೊಸ ತೂತು ಮಾಡಿದೆವು. ಪೆನ್ಸಿಲನ್ನು ಮೇಲಕ್ಕೆಳೆದು ಕೆಳಗೆ ಮೊನೆ ಮಾತ್ರ ಉಳಿಸಿದೆವು. ಒಳಗೆ ತಳದ ಸುತ್ತ ಒಂದಿಷ್ಟು ಆಟದ ಜೇಡಿ ಮೆತ್ತಿದೆವು. ಆಮೇಲೆ ನೋಡಿ, ಹತ್ತು ಎಣಿಸುವವರೆಗೂ ನಿಂತು ತಿರುಗಿತು.

ಅಮೆರಿಕದ ಮಕ್ಕಳ ಹಾಡೊಂದರಲ್ಲಿ ಡ್ರೇಡಲನ್ನು ಜೇಡಿಮಣ್ಣಿನಿಂದ ಮಾಡಿದೆ ಅಂತ ಬರುತ್ತದೆ. ಬರೀ ಮಣ್ಣಲ್ಲಿ ಮಾಡಿ ನೋಡಿ, ಒಣಗುವಾಗ ಒಂದು ಕಡೆ ಕುಗ್ಗಿ ಸೊಟ್ಟಗಾಗುತ್ತದೆ. ಅದೇ ಹಾಡಿನ ಯಿಡ್ಡಿಶ್ ರೂಪದಲ್ಲಿ ಇರುವುದು ಸೀಸ. ಅದು ನಿಜಕ್ಕೆ ಹತ್ತಿರ. ಪೂರ್ವ ಯುರೋಪಿನಲ್ಲಿ ಮರದ ಅಚ್ಚಿಗೆ ಕರಗಿಸಿದ ಸೀಸವನ್ನೋ ತವರವನ್ನೋ ಹುಯ್ದು ಇದನ್ನು ಎರಕ ಹೊಯ್ಯುತ್ತಿದ್ದರು. ಅಚ್ಚಿನಲ್ಲಿ ಅಕ್ಷರಗಳನ್ನು ಉಲ್ಟಾ ಕೆತ್ತಬೇಕು, ಆಗಲೇ ಬುಗುರಿಯ ಮೇಲೆ ಸರಿಯಾಗಿ ಮೂಡುವುದು. ಈಗ ಸೀಸವನ್ನು ಮಕ್ಕಳ ಕೈಗೆ ಯಾರೂ ಕೊಡುವುದಿಲ್ಲ ಬಿಡಿ. ಮರ, ಪ್ಲಾಸ್ಟಿಕ್, ಗಾಜು, ಪಿಂಗಾಣಿ, ಬೆಳ್ಳಿ, ಎಲ್ಲದರಲ್ಲೂ ಬರುತ್ತವೆ. ಕೆಲವಂತೂ ಎಷ್ಟು ಚೆಂದ ಅಂದರೆ, ತಿರುಗುವುದೇ ಇಲ್ಲ. ಸುಮ್ನೆ ಕಪಾಟಿನಲ್ಲಿ ಇಡಬೇಕು. ನನಗೆ ಅಂಥವು ಅಷ್ಟಾಗಿ ಹಿಡಿಸುವುದಿಲ್ಲ.

ಇದು ಹನುಕ್ಕಾ ಹಬ್ಬದ ಆಟ. ಯೆಹೂದಿ ಪಂಚಾಂಗದ ಕಿಸ್ಲೇವ್ ತಿಂಗಳ 25ರಿಂದ ಎಂಟು ದಿನ ನಡೆಯುವ ದೀಪದ ಹಬ್ಬ. ಕ್ರಿಸ್ತಪೂರ್ವ 164ರಲ್ಲಿ ಯೆಹೂದಿಗಳು ಅಂಟಿಯೋಕಸ್ ದೊರೆಯ ಸೇನೆಯಿಂದ ಜೆರುಸಲೇಮಿನ ದೇಗುಲವನ್ನು ಬಿಡಿಸಿಕೊಂಡು ಮತ್ತೆ ಶುದ್ಧ ಮಾಡಿದರು. ದೀಪಕ್ಕೆ ಇದ್ದದ್ದು ಒಂದು ದಿನದ ಎಣ್ಣೆ, ಉರಿದದ್ದು ಎಂಟು ದಿನ ಎಂದು ನಂಬಿಕೆ. ಅದರ ನೆನಪಿಗೆ ಸಂಜೆ ಮೇಣದ ಬತ್ತಿ ಹಚ್ಚುತ್ತಾರೆ. ಬತ್ತಿ ಉರಿಯುವಷ್ಟು ಹೊತ್ತು ಹೆಂಗಸರು ಮನೆಗೆಲಸ ಮುಟ್ಟಬಾರದು ಎಂಬ ರೂಢಿಯೂ ಇದೆ. ಒಳ್ಳೆಯ ರೂಢಿ, ಅಲ್ವಾ?

ಬುಗುರಿಯ ಮೇಲಿನ ಅಕ್ಷರ ನಾಲ್ಕು. ನೂನ್, ಗಿಮೆಲ್, ಹೇ, ಶಿನ್. ನೆಸ್ ಗದೋಲ್ ಹಾಯಾ ಶಾಮ್ ಎಂಬ ಮಾತಿನ ಮೊದಲಕ್ಷರಗಳು. ಅಂದರೆ, ಅಲ್ಲಿ ದೊಡ್ಡ ಪವಾಡ ನಡೆಯಿತು. ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಜೊತೆಗೊಂದು ಕತೆ. ಅಂಟಿಯೋಕಸ್ ಧರ್ಮಗ್ರಂಥ ಓದಬಾರದು ಅಂದಿದ್ದ. ಮಕ್ಕಳು ಕದ್ದು ಓದುತ್ತಿದ್ದರು. ಸೈನಿಕರು ಬಂದರೆ ಪುಸ್ತಕ ಮುಚ್ಚಿಟ್ಟು ಬುಗುರಿ ತೆಗೆಯುತ್ತಿದ್ದರು.

ಕತೆ ಚೆನ್ನಾಗಿದೆ. ಆದರೆ ಅದು ಪುಸ್ತಕಗಳಲ್ಲಿ ಕಾಣಿಸಿಕೊಳ್ಳುವುದು 19ನೇ ಶತಮಾನದ ಕೊನೆಯ ಹೊತ್ತಿಗೆ. ಅಕ್ಷರಗಳ ಹುಟ್ಟು ಬೇರೆಯೇ. ಜರ್ಮನಿಯ ನಾಡಿನಲ್ಲಿ ಜನ ಇಂಥದ್ದೇ ಬುಗುರಿಯಿಂದ ಜೂಜಾಡುತ್ತಿದ್ದರು. ಅದರ ಮೇಲೂ ನಾಲ್ಕು ಅಕ್ಷರ. ಒಂದಕ್ಕೆ ನಿಖ್ಟ್ಸ್, ಏನೂ ಇಲ್ಲ. ಇನ್ನೊಂದಕ್ಕೆ ಗಾಂಟ್ಸ್, ಪೂರಾ ನಿನ್ನದು. ಮತ್ತೊಂದಕ್ಕೆ ಹಾಲ್ಬ್, ಅರ್ಧ. ಕೊನೆಯದಕ್ಕೆ ಶ್ಟೆಲ್, ನೀನೇ ಇಡು. ನ, ಗ, ಹ, ಶ. ಯೆಹೂದಿಗಳು ಅದೇ ಸದ್ದಿಗೆ ತಮ್ಮ ಲಿಪಿಯ ಅಕ್ಷರ ಹಾಕಿಕೊಂಡರು. ಪವಾಡದ ಅರ್ಥ ಆಮೇಲೆ ಸೇರಿತು. ಸಂಖ್ಯೆಯಲ್ಲಿ ಲೆಕ್ಕ ಹಾಕುವವರೂ ಬಂದರು. ಹೀಬ್ರೂನಲ್ಲಿ ಅಕ್ಷರಕ್ಕೊಂದು ಬೆಲೆ. 50, 3, 5, 300, ಕೂಡಿದರೆ 358. ಯೆಹೂದಿಗಳು ಬರುವನೆಂದು ಕಾಯುವ ರಕ್ಷಕ ಮಶೀಹ, ಆ ಪದದ ಮೊತ್ತವೂ 358!

ಇಸ್ರೇಲಿಗೆ ಬಂದರೆ ಇನ್ನೂ ಸ್ವಾರಸ್ಯ. ಪವಾಡ ನಡೆದದ್ದು ‘ಅಲ್ಲಿ’ ಅಂತ ಅಲ್ಲೇ ಇರುವವರು ಹೇಗೆ ಹೇಳುವುದು? ಅದಕ್ಕೇ ಶಿನ್ ತೆಗೆದು ಪೇ ಹಾಕಿದರು. ಪೋ ಅಂದರೆ ಇಲ್ಲಿ. ಹೀಗೆ ಮಾಡುವಾಗ ‘ನೀನೇ ಇಡು’ ಅನ್ನುವ ಜೂಜಿನ ಪದದ ಅಕ್ಷರ ಹಾರಿಹೋಯಿತು. ಆಮೇಲೆ ಬಂದ ಅರ್ಥ ಮೊದಲಿನದನ್ನು ಹೊರಗೆ ಹಾಕಿತು ನೋಡಿ.

ಆಟ ಮಾತ್ರ ಹಳೆಯದೇ. ನಾಲ್ಕು ಜನ ಸುತ್ತ ಕೂರುತ್ತಾರೆ. ಬಾದಾಮಿಯೋ, ದ್ರಾಕ್ಷಿಯೋ, ಚಾಕೊಲೇಟ್ ನಾಣ್ಯವೋ, ಪ್ರತಿಯೊಬ್ಬರೂ ನಡುವೆ ಒಂದೊಂದು ಇಡುತ್ತಾರೆ. ನೂನ್ ಬಿದ್ದರೆ ಏನೂ ಇಲ್ಲ. ಹೇ ಬಿದ್ದರೆ ಅರ್ಧ. ಶಿನ್ ಬಿದ್ದರೆ ಒಂದು ದಂಡ. ಗಿಮೆಲ್ ಬಿದ್ದರೆ ಎಲ್ಲ ಬಾಚಿಕೊಳ್ಳಬಹುದು, ಆಮೇಲೆ ಎಲ್ಲರೂ ಮತ್ತೆ ಒಂದೊಂದು ಇಡಬೇಕು.

ಮೊಮ್ಮಗ ಯಾವಾಗಲೂ ಮೊದಲು ನಾನೇ ಅನ್ನುತ್ತಿದ್ದ. ಹಟ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇದರ ಬಗ್ಗೆ 1976ರಲ್ಲಿ ರಾಬರ್ಟ್ ಫೈನರ್‌ಮನ್ ಎಂಬ ಗಣಿತಜ್ಞರು ಲೇಖನವನ್ನೇ ಬರೆದಿದ್ದಾರೆ. ಲೆಕ್ಕ ಬಾಯಲ್ಲೇ ಆಗುತ್ತದೆ. ಮೊದಲನೆಯವನಿಗೆ ನಡುವೆ ನಾಲ್ಕು ಬಾದಾಮಿ ಇರುವುದು ಖಂಡಿತ. ಅವನಿಗೆ ನೂನ್ ಬಿದ್ದರೆ ಎರಡನೆಯವನಿಗೂ ನಾಲ್ಕೇ. ಗಿಮೆಲ್ ಬಿದ್ದರೂ ಹೊಸದಾಗಿ ನಾಲ್ಕು. ಹೇ ಬಿದ್ದರೆ ಎರಡೇ ಉಳಿಯುತ್ತದೆ, ಶಿನ್ ಬಿದ್ದರೆ ಐದಾಗುತ್ತದೆ. ಕೂಡಿ ನಾಲ್ಕರಿಂದ ಭಾಗಿಸಿ, ಮೂರೂ ಮುಕ್ಕಾಲು. ಕಾಲು ಬಾದಾಮಿ ಕಡಿಮೆ. ಮುಂದಿನವರಿಗೆ ಇನ್ನೂ ಚೂರು ಕಡಿಮೆ. ಇಬ್ಬರೇ ಆಡಿದರೆ ಮಾತ್ರ ಸಮ. ಹುಡುಗನಿಗೆ ಇದನ್ನು ನಾನು ಹೇಳಲಿಲ್ಲ, ಹೇಳಿದ್ದರೆ ಜಗಳ ಜಾಸ್ತಿಯಾಗುತ್ತಿತ್ತು.

ಇದು ಮೂಲತಃ ಯುರೋಪಿನ ಅಶ್ಕೆನಾಜಿ ಯೆಹೂದಿಗಳ ಆಟ. ಕೊಚ್ಚಿಯ ಅಥವಾ ಮುಂಬೈ ಕಡೆಯ ಯೆಹೂದಿಗಳ ಹಳೆಯ ವಾಡಿಕೆಯಲ್ಲ. ಅಶ್ಕೆನಾಜಿ ಹಿರಿಯರದ್ದೊಂದು ಮಾತಿದೆ. ಪೂರಿಮ್ ಎಂಬ ಇನ್ನೊಂದು ಯೆಹೂದಿ ಹಬ್ಬದಲ್ಲಿ ತಿರುಗಿಸಿ ಸದ್ದು ಮಾಡುವ ಗಿರಗಿಟ್ಲೆಗೆ ಹಿಡಿ ಇರುವುದು ಕೆಳಗೆ, ಏಕೆಂದರೆ ಆ ಹಬ್ಬ ನೆನೆಯುವ ಗೆಲುವು ಮನುಷ್ಯರ ಓಡಾಟದಿಂದ ಬಂತು. ಡ್ರೇಡಲಿಗೆ ಹಿಡಿ ಮೇಲೆ. ಇಲ್ಲಿ ತಿರುಗಿಸಿದವನು ಮೇಲಿದ್ದಾನೆ.

ಮೇಲೆ ಅಂದಾಗ ನೆನಪಾಯಿತು. 1993ರ ಡಿಸೆಂಬರ್‌ನಲ್ಲಿ ಹಬಲ್ ದೂರದರ್ಶಕವನ್ನು ರಿಪೇರಿ ಮಾಡಲು ಎಂಡೆವರ್ ನೌಕೆಯಲ್ಲಿ ಹೋದವರಲ್ಲಿ ಜೆಫ್ರಿ ಹಾಫ್‌ಮನ್ ಎಂಬ ಗಗನಯಾತ್ರಿಯೂ ಒಬ್ಬರು. ಕೆಲಸದ ನಡುವೆ ಹನುಕ್ಕಾ ಬಂತು. ಜೇಬಿನಷ್ಟು ಪುಟ್ಟ ಡ್ರೇಡಲನ್ನು ಗಾಳಿಯಲ್ಲಿ ತಿರುವಿ ಬಿಟ್ಟರು. ಅಲ್ಲಿ ತೂಕವಿಲ್ಲ, ಬೀಳಲು ನೆಲವಿಲ್ಲ. ಬುಗುರಿ ತೇಲುತ್ತಾ ಸುತ್ತುತ್ತಲೇ ಇತ್ತು, ಯಾವ ಅಕ್ಷರವೂ ಬೀಳಲಿಲ್ಲ.

ನಮಸ್ಕಾರ.